ಎಂಜಿನ್ ನೀರು

ನಮ್ಮ ಮನೆಯಲ್ಲಿ ಬೇಳೆ ಬೇಯುವುದನ್ನು ನೋಡಲಿಕ್ಕೆಂದೇ ಊರೊಳಗಿನ ಹೆಂಗಸರು ಬಂದದ್ದುಂಟು. ಅವ್ವ ಒಲೆಯ ಮೇಲೆ ತೊಗರಿಬೇಳೆ ಇಟ್ಟು ಆರು ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಅದು ಬೆಣ್ಣೆಯ ಹಾಗೆ ಕರಗಿರುತ್ತಿತ್ತು. ಅವರ ಮನೆಗಳಲ್ಲಿ ಅದೇ ಅಂಗಡಿಯ ಅದೇ ಬೇಳೆ ಎರಡು ಹೊತ್ತಿನ ಸೌದೆ ತಿಂದರೂ ಕಾಳು ಕಾಳಾಗಿ ನಿಲ್ಲುತ್ತಿತ್ತು. ನಿನ್ನ ಕೈಗುಣ ಎಂದು ಅವರು ಹೊಗಳಿದರೆ ಅವ್ವ ಒಪ್ಪುತ್ತಿರಲಿಲ್ಲ.

“ನನ್ನ ಕೈಯಾಗ ಏನೈತ್ಯವ್ವಾ? ಎಲ್ಲಾ ಎಂಜಿನ್ ನೀರಿಂದು. ಎಂಜಿನ್ನಿನ ಹೊಟ್ಟಿಗೆ ಒಗ್ಗಿದ್ದು ಬ್ಯಾಳಿಗೆ ಒಗ್ಗಂಗಿಲ್ಲೇನು?”

ಎಂಜಿನ್ ನೀರು ಎಂದರೆ ರೈಲಿನ ಪಂಪ್‌ಹೌಸಿನ ಬಾವಿಯ ನೀರು. ಹಗರಿಬೊಮ್ಮನಹಳ್ಳಿ ದಾಟಿ ಕೊಟ್ಟೂರಿಗೆ ಹೋಗುವ ಸಣ್ಣ ಗೇಜಿನ ಲೈನಿನ ಮೇಲೆ ಒಂದು ಸ್ಟೇಷನ್ನು ನಮ್ಮದು. ಅದರ ಹಿಂದೆ ಕಲ್ಲಿನ ಆರು ಕ್ವಾರ್ಟರ್ಸು, ಕೊನೆಯದು ನಮ್ಮ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ಹಂಡೆಯ ಒಲೆ. ಬಾಗಿಲಲ್ಲಿ ನಿಂತರೆ ಬಲಕ್ಕೆ ಊರು. ಎಡಕ್ಕೆ ಹಳಿಯ ಗುಂಟ ಅರ್ಧ ಮೈಲಿ ನಡೆದರೆ ಹಳ್ಳದ ದಂಡೆಯಲ್ಲಿ ಪಂಪ್‌ಹೌಸು. ಕರಿಕಲ್ಲಿನ ಎತ್ತರದ ಗೋಡೆ, ಕಮಾನಿನ ಕಿಟಕಿ, ಮೇಲೆ ಹಂಚು. ಸ್ಟೇಷನ್ನಿಗಿಂತ ಅದೇ ಗಟ್ಟಿಮುಟ್ಟಾಗಿತ್ತು. ಒಳಗೆ ಅರ್ಧ ಜಾಗ ಯಂತ್ರಕ್ಕೆ, ಅರ್ಧ ಜಾಗ ಬಾವಿಗೆ. ನೀರು ಅಲ್ಲಿಂದ ಪೈಪಿನಲ್ಲಿ ಹರಿದು ಸ್ಟೇಷನ್ನಿನ ಕಬ್ಬಿಣದ ಟ್ಯಾಂಕಿಗೆ ಏರುತ್ತಿತ್ತು, ಟ್ಯಾಂಕಿನಿಂದ ಉಗಿ ಎಂಜಿನ್ನಿಗೆ ಇಳಿಯುತ್ತಿತ್ತು. ಎಂಜಿನ್ನು ಕುಡಿದು ಉಳಿದದ್ದು ನಮ್ಮ ನಲ್ಲಿಗಳಿಗೆ. ಆ ಪಂಪನ್ನು ನಡೆಸುವವನು ನಮ್ಮ ಅಪ್ಪ.

ಅಪ್ಪನಿಗೆ ಆ ಕಟ್ಟಡದ ಚರಿತ್ರೆ ಬಾಯಿಪಾಠವಾಗಿತ್ತು. ಅವನಿಗೆ ಕೆಲಸ ಕಲಿಸಿದ ಉಸ್ತಾದರು ಅದನ್ನು ಹೇಳಿದ್ದರು, ಉಸ್ತಾದರಿಗೆ ಅವರ ಉಸ್ತಾದರು ಹೇಳಿದ್ದರು. ಲೈನು ಹಾಕುವ ಕಾಲಕ್ಕೆ ಬಂದ ಬಿಳಿ ಸಾಹೇಬ ಮೊದಲು ಸ್ಟೇಷನ್ನಿನ ಪಕ್ಕದಲ್ಲೇ ಬಾವಿ ತೋಡಿಸಿದನಂತೆ. ಆ ನೀರನ್ನು ತಾಮ್ರದ ಪಾತ್ರೆಯಲ್ಲಿ ಪೂರ್ತಿ ಇಂಗಿಸಿ, ತಳವನ್ನು ಚಾಕುವಿನಿಂದ ಕೆರೆದು ನೋಡಿದನಂತೆ. ಉಗುರಿನಷ್ಟು ದಪ್ಪ ಬಿಳಿ ಚಿಪ್ಪು ಎದ್ದು ಬಂತು. ಅಂಥ ನೀರು ಕುಡಿದರೆ ಎಂಜಿನ್ನಿನ ಕೊಳವೆಗಳೊಳಗೆ ಅದೇ ಚಿಪ್ಪು ಕಟ್ಟುತ್ತದೆ, ಕಲ್ಲಿದ್ದಲು ಎಷ್ಟು ಹಾಕಿದರೂ ಉಗಿ ಏಳುವುದಿಲ್ಲ, ಕಡೆಗೆ ಕೊಳವೆ ಒಡೆಯುತ್ತದೆ. ಸಾಹೇಬ ಆ ಬಾವಿ ಮುಚ್ಚಿಸಿ ಇನ್ನೊಂದು ತೋಡಿಸಿದ, ಅದೂ ಹಾಗೇ. ಹೀಗೆ ಇಂಗಿಸುತ್ತ ಕೆರೆಯುತ್ತ ಹಳ್ಳದ ದಂಡೆಗೆ ಬಂದಾಗ ಪಾತ್ರೆಯ ತಳ ಉಸಿರು ತಾಗಿದ ಕನ್ನಡಿಯಷ್ಟೇ ಮಸುಕಾಗಿತ್ತಂತೆ. ಪಂಪ್‌ಹೌಸು ಅಲ್ಲಿ ಎದ್ದಿತು. ಅಪ್ಪನೂ ತಿಂಗಳಿಗೊಮ್ಮೆ ತಾಮ್ರದ ಚೊಂಬಿನಲ್ಲಿ ನೀರು ಇಂಗಿಸಿ ಕೆರೆದು ನೋಡುತ್ತಿದ್ದ. ಮೇಲಿನವರು ಯಾರೂ ಅದನ್ನು ಕೇಳಿರಲಿಲ್ಲ. ಉಸ್ತಾದರು ನೋಡುತ್ತಿದ್ದರು, ಇವನೂ ನೋಡುತ್ತಿದ್ದ.

“ಎಂಜಿನ್ನಿಗೆ ಹೊಟ್ಟಿಬ್ಯಾನಿ ಬಂದ್ರ ಅದು ಬಾಯಿಬಿಟ್ಟು ಹೇಳತೈತೇನು? ಅದರ ಪರವಾಗಿ ನಾವು ನೋಡಬೇಕು.”

ಆ ನೀರಿನ ಇನ್ನೊಂದು ಗುಣ ನಮ್ಮ ಬಾಯಲ್ಲಿತ್ತು. ಊರಿನ ಮಕ್ಕಳ ಹಲ್ಲಿನ ಮೇಲೆ ಕಂದುಬಣ್ಣದ ಅಡ್ಡಗೆರೆಗಳಿರುತ್ತಿದ್ದವು, ಕ್ವಾರ್ಟರ್ಸಿನ ಮಕ್ಕಳ ಹಲ್ಲು ಬೆಳ್ಳಗಿರುತ್ತಿದ್ದವು. ಶಾಲೆಯಲ್ಲಿ ನಮ್ಮವಕ್ಕೆ ರೈಲ್ವೆ ಹಲ್ಲು ಎಂದೇ ಹೆಸರು. ನಾನು ನಕ್ಕರೆ ಹಿಂದಿನ ಸಾಲಿನ ಹುಡುಗರು ಕೂಗುತ್ತಿದ್ದರು.

“ಬಾಯಿ ಮುಚ್ಚಬೇ ಕೊಟ್ರಿ, ಬೆಳಕಿಗೆ ಎತ್ತು ಬೆದರ್ತಾವ!”

ರೈಲ್ವೆಯವರಿಗೆ ಯಾವುದೋ ಬೇರೆ ಹಲ್ಲುಪುಡಿ ಸಿಗುತ್ತದೆ ಎಂದು ಊರಿನವರು ನಂಬಿದ್ದರು. ಅಪ್ಪ ಮಾತ್ರ ಬಾವಿಯ ಕಡೆ ಕೈ ತೋರಿಸುತ್ತಿದ್ದ. ಬೇಳೆಯ ಮಾತಾದರೆ ಒಪ್ಪುತ್ತಿದ್ದವರು ಹಲ್ಲಿನ ಮಾತಿಗೆ ನಗುತ್ತಿದ್ದರು. ಅವ್ವ ನಗುತ್ತಿರಲಿಲ್ಲ. ಅವಳು ಹರಪನಹಳ್ಳಿ ಸೀಮೆಯ ಒಂದು ಹಳ್ಳಿಯವಳು, ಅವಳ ಹಲ್ಲಿಗೂ ಆ ಗೆರೆಗಳಿದ್ದವು. ತುಟಿ ಬಿಚ್ಚಿ ಅವಳು ನಕ್ಕದ್ದನ್ನು ನಾನು ನೋಡಿಲ್ಲ. ನನಗೆ ತಲೆ ಬಾಚುವಾಗ ಗದ್ದ ಹಿಡಿದು ಬಾಯಿ ತೆರೆಸಿ ಒಮ್ಮೆ ನೋಡಿಕೊಳ್ಳುತ್ತಿದ್ದಳು, ಪೆಟ್ಟಿಗೆಯಲ್ಲಿ ಇಟ್ಟದ್ದು ಇದೆಯೋ ಇಲ್ಲವೋ ಎಂದು ನೋಡುವ ಹಾಗೆ.

ಉಗಿ ಎಂಜಿನ್ನು ಹೋಗಿ ಡೀಸೆಲ್ ಎಂಜಿನ್ನು ಬಂತು. ಅದು ನೀರು ಕೇಳಲಿಲ್ಲ. ಆದರೂ ಕ್ವಾರ್ಟರ್ಸಿಗೆಂದು ಪಂಪು ನಡೆಯುತ್ತಿತ್ತು. ಆಮೇಲೆ ಲೈನನ್ನೇ ದೊಡ್ಡದು ಮಾಡುತ್ತೇವೆಂದು ಗಾಡಿ ನಿಲ್ಲಿಸಿದರು. ಒಂದೊಂದೇ ಮನೆಯವರಿಗೆ ವರ್ಗವಾಯಿತು. ಒಂದು ಮಧ್ಯಾಹ್ನ ಪಕ್ಕದ ಮನೆಯವರ ಹಾಸಿಗೆ ಸುರುಳಿಗಳು ಲಾರಿ ಹತ್ತಿದವು, ಮರುದಿನ ಅವರ ಬೆಕ್ಕು ನಮ್ಮ ಬಾಗಿಲಿಗೆ ಬಂತು. ಮೂರು ತಿಂಗಳಲ್ಲಿ ಆರು ಮನೆಗಳಲ್ಲಿ ಒಲೆ ಹೊತ್ತುವುದು ನಮ್ಮದೊಂದೇ ಆಯಿತು. ಗಾಡಿ ನಿಂತಮೇಲೆ ನಮಗೆ ಹೊತ್ತು ಗೊತ್ತಾಗದೆ ಹೋಯಿತು. ಬೆಳಗಿನ ಗಾಡಿಗೆ ರೊಟ್ಟಿ, ಮಧ್ಯಾಹ್ನದ ಗಾಡಿಗೆ ಅನ್ನ ಎಂದು ನಡೆದ ಮನೆ ಅದು. ಈಗ ಹಸಿವಾದಾಗ ತಿನ್ನುತ್ತಿದ್ದೆವು, ಕತ್ತಲಾದಾಗ ಬಾಗಿಲು ಹಾಕುತ್ತಿದ್ದೆವು. ಅಪ್ಪನನ್ನು ಹೊಸಪೇಟೆಗೆ ಹಾಕಿದರು. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಆರು ತಿಂಗಳಲ್ಲಿ ದೊಡ್ಡ ಗಾಡಿ ಬರುತ್ತದೆ, ಆಗ ತಾನೂ ವಾಪಸು ಬರುತ್ತೇನೆ ಎಂದು ಅವನು ನಂಬಿದ್ದರಿಂದ ನಾವು ಅಲ್ಲೇ ಉಳಿದೆವು. ಅವ್ವ ಶೇಂಗಾ ಒಡೆಯುವ ಮಿಲ್ಲಿಗೆ ಹೋಗತೊಡಗಿದಳು. ನಾನು ಏಳನೆಯ ತರಗತಿ ಮುಗಿಸಿದ್ದೆ, ಅಲ್ಲಿಗೇ ಬಿಟ್ಟೆ. ಮನೆ, ಒಲೆ, ನೀರು, ಮೂರು ವರ್ಷದ ತಂಗಿ ನೀಲಿ ನನ್ನ ಪಾಲಿಗೆ ಬಂದವು.

ರೈಲ್ವೆಯವರು ಪಂಪಿನ ಮೋಟರು ಬಿಚ್ಚಿಕೊಂಡು ಹೋದ ದಿನ ನಲ್ಲಿ ಒಣಗಿತು. ಅಪ್ಪ ಬಾವಿಯ ಮೇಲೆ ಗಡಗಡಿ ಕಟ್ಟಿ, ಹಗ್ಗ ಹಾಕಿ, ಪಂಪ್‌ಹೌಸಿನ ಕೀಲಿಯನ್ನು ನನ್ನ ಕೈಗೆ ಕೊಟ್ಟ. ಅಂಗೈಯಷ್ಟು ಉದ್ದದ ಕಬ್ಬಿಣದ ಕೀಲಿ.

“ಊರ ಮುಂದ ಬೋರಿಂಗ್ ಐತಿ, ಹತ್ರ ಐತಿ ಅಂತ ಆಸಿ ಮಾಡಬ್ಯಾಡ. ನೀಲಿಗೆ ಹಾಲಹಲ್ಲು ಬಿದ್ದು ಹೊಸವು ಬರೋಮಟ ಈ ನೀರ ಕುಡಸು. ನಿನ್ನವು ಬಂದುಬಿಟ್ಟಾವ. ಅಕೀವು ಇನ್ನಾ ಒಳಗ ಅದಾವ.”

“ಹೂಂ ಯಪ್ಪಾ.”

“ಬರೇ ಹೂಂ ಅನಬ್ಯಾಡ.”

“ಕುಡಸ್ತೀನಿ.”

ಆ ಮಾತನ್ನು ನಾನು ಕೆಲವು ತಿಂಗಳು ನಡೆಸಿದೆ. ನೀಲಿಯನ್ನು ಬಾವಿಯ ಹತ್ತಿರ ಒಯ್ಯುವ ಹಾಗಿರಲಿಲ್ಲ, ಕಟ್ಟೆ ಗಿಡ್ಡ. ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದೆ. ಅವಳು ಒಳಗೆ ಅಳುವುದು ಹಳಿಯ ಮೇಲೆ ಬಹಳ ದೂರದವರೆಗೆ ಕೇಳಿಸುತ್ತಿತ್ತು. ಪಂಪ್‌ಹೌಸಿನ ಬಾಗಿಲು ತೆರೆದರೆ ಪಾರಿವಾಳಗಳು ಒಮ್ಮೆಗೇ ಏಳುತ್ತಿದ್ದವು, ಆಮೇಲೆ ಏನೂ ಇಲ್ಲ. ಯಂತ್ರ ಕಿತ್ತ ಜಾಗದಲ್ಲಿ ನೆಲಕ್ಕೆ ಎಣ್ಣೆಯ ಕಲೆ, ನಾಲ್ಕು ಬೋಲ್ಟು. ನಾನು ಬಾವಿಗೆ ಬಗ್ಗಿ ನನ್ನ ಹೆಸರನ್ನೇ ಕೂಗುತ್ತಿದ್ದೆ. ಕೆಳಗಿನಿಂದ ಯಾರೋ ದೊಡ್ಡ ಹೆಂಗಸು ನನ್ನನ್ನು ಕರೆದಂತೆ ಬರುತ್ತಿತ್ತು. ದಿನಕ್ಕೆ ನಾಲ್ಕು ಸಲ ಆ ಹಳಿಯ ಗುಂಟ ಹೋಗಿ ಬರುವಾಗ ಒಂದು ನರಪಿಳ್ಳೆ ಎದುರಾಗುತ್ತಿರಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ದಿನವಿಡೀ ಮಾತಾಡಲಿಕ್ಕೆ ಇದ್ದದ್ದು ಒಂದು ಕೂಸು, ಒಂದು ಬೆಕ್ಕು.

ಒಂದು ದಿನ ಹಗ್ಗ ಹರಿದು ಕೊಡ ಬಾವಿಗೆ ಬಿತ್ತು. ಅಳುತ್ತ ಮನೆಗೆ ಬಂದೆ. ಇನ್ನೊಂದು ಕೊಡ ತೆಗೆದುಕೊಂಡು, ನೀಲಿಯನ್ನು ಟೊಂಕದ ಮೇಲೆ ಇಟ್ಟುಕೊಂಡು ಊರ ಮುಂದಿನ ಬೋರಿಂಗಿಗೆ ನಡೆದೆ. ಅಲ್ಲಿ ಹತ್ತು ಹನ್ನೆರಡು ಹುಡುಗಿಯರ ಸರದಿ. ನನ್ನ ಜೊತೆ ಓದಿದ ಹಾಲಮ್ಮ ಬೋರಿಂಗಿನ ಹಿಡಿಕೆ ಒತ್ತುತ್ತಿದ್ದಳು.

“ಏನಬೇ ರೈಲ್ವಿ ಹಲ್ಲಿನಾಕಿ, ನಮ್ಮ ನೀರು ಕುಡಿಯಾಕ ಬಂದ್ಯಾ? ಹಲ್ಲು ಮಾಸ್ತಾವ ನೋಡು!”

“ಮಾಸಲಿ ಬಿಡು. ಮಂದ್ಯಾಗ ಒಂದಾಗತೀನಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾರೋ ನೀಲಿಯನ್ನು ಕಸಿದುಕೊಂಡರು, ಯಾರೋ ನನ್ನ ಜಡೆ ಎಳೆದರು, ಸರದಿಗಾಗಿ ಇಬ್ಬರು ಜಗಳಾಡಿದರು, ಜಗಳದಲ್ಲಿ ನನ್ನನ್ನು ಸಾಕ್ಷಿ ಕೇಳಿದರು. ಎಷ್ಟೋ ತಿಂಗಳ ಮೇಲೆ ನನ್ನನ್ನು ಒಬ್ಬರು ಏನಾದರೂ ಕೇಳಿದ್ದು ಅದು. ಹಗ್ಗ ಮರುವಾರವೇ ಬಂತು. ನಾನು ಮಾತ್ರ ಬಾವಿಗೆ ಒಂದು ಸಲ, ಬೋರಿಂಗಿಗೆ ಮೂರು ಸಲ ಹೋಗತೊಡಗಿದೆ. ಆಮೇಲೆ ಆ ಒಂದೂ ನಿಂತಿತು.

ಮೊದಲ ಅಡ್ಡಿ ಬೇಳೆಯಿಂದ ಬಂತು. ಅವ್ವ ಮಿಲ್ಲಿನಿಂದ ಬರುವ ಹೊತ್ತಾದರೂ ಅದು ಬೆಂದಿರಲಿಲ್ಲ. ಅವ್ವನ ನಾಲಿಗೆಗೆ ನೀರಿನ ಭೇದ ತಿಳಿಯುತ್ತಿರಲಿಲ್ಲ, ಅವಳು ಹುಟ್ಟಿದ್ದೇ ಅಂಥ ನೀರಿನಲ್ಲಿ. ಆದರೆ ಬೇಳೆಯ ಭೇದ ಅವಳಿಗಿಂತ ಚೆನ್ನಾಗಿ ಯಾರಿಗೂ ತಿಳಿಯುತ್ತಿರಲಿಲ್ಲ. ಮರುದಿನ ಹಾಲಮ್ಮನಿಗೆ ಹೇಳಿದೆ.

“ಅಷ್ಟಕ್ಕ ಅಳ್ತೀಯಾ? ಚಿಟಿಕಿ ಸೋಡಾ ಒಗಿ. ನಮ್ಮ ಮನ್ಯಾಗ ಹಬ್ಬದ ದಿನ ಹಂಗ ಮಾಡತೀವಿ.”

ಸೋಡಾ ಹಾಕಿದೆ. ಬೇಳೆ ಕರಗಿತು. ಅವ್ವ ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು, “ಛಲೋ ಬೆಂದೈತಿ, ನೀರಿಗೆ ಅರ್ಧ ಮೈಲು ನಡದದ್ದು ಸಾರ್ಥಕ ಬಿಡವ್ವಾ” ಎಂದಳು. ಹೌದೆಂದು ಗೋಣು ಹಾಕಿದೆ. ಆ ದಿನದಿಂದ ಐದು ವರ್ಷ ನಮ್ಮ ಬೇಳೆಗೆ ಸೋಡಾ ಬಿತ್ತು.

ಅಪ್ಪನನ್ನು ಹಾಗೆ ಮೋಸಮಾಡಲು ಆಗುತ್ತಿರಲಿಲ್ಲ, ಅವನು ಒಂದು ಗುಟುಕಿಗೇ ಹೇಳಬಲ್ಲವನು. ಆದ್ದರಿಂದ ಅವನು ಬರುವ ಹಿಂದಿನ ದಿನ ಹಂಡೆಗೂ ಚೊಂಬಿಗೂ ಹತ್ತಿದ ಬಿಳಿ ಚಿಪ್ಪನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ ತೆಗೆಯುತ್ತಿದ್ದೆ. ಬರುವ ದಿನ ಬೆಳಿಗ್ಗೆ ಬಾವಿಗೆ ಹೋಗಿ ಎರಡು ಕೊಡ ಎಂಜಿನ್ ನೀರು ತಂದಿಡುತ್ತಿದ್ದೆ. ಅವನು ಕುಡಿದು, ಕಣ್ಣು ಮುಚ್ಚಿ, “ಆಹಾ” ಎನ್ನುತ್ತಿದ್ದ. ಉಳಿದದ್ದು ನೀಲಿಯ ಬಾಯಿ. ಅವಳಿಗೆ ಒಂದು ಪೆಪ್ಪರಮೆಂಟು ಕೊಟ್ಟು ಪಾಠ ಹೇಳಿಸಿದೆ.

“ಅಪ್ಪ ಯಾವ ನೀರು ಅಂತ ಕೇಳಿದ್ರ ಏನಂತೀ?”

“ಎಂಜಿನ್ ನೀಲು.”

“ಬೋರಿಂಗ್ ಅಂದ್ರ?”

“ಪೆಪ್ಪಲಮೆಂಟು ಇಲ್ಲ.”

ಆರು ತಿಂಗಳು ಎಂದದ್ದು ವರ್ಷಗಳಾದವು. ಹಳೆಯ ಹಳಿ ಕಿತ್ತರು, ಹೊಸದು ಬರಲಿಲ್ಲ. ನೀಲಿ ಶಾಲೆಗೆ ಸೇರಿದಳು. ಅವಳ ಹಾಲುಹಲ್ಲು ಒಂದೊಂದಾಗಿ ಬಿದ್ದವು, ಅವನ್ನು ನಾವಿಬ್ಬರೂ ಹಂಚಿನ ಮೇಲೆ ಎಸೆದೆವು. ಹೊಸ ಹಲ್ಲು ಮೊದಲು ಸುಣ್ಣದ ಕಡ್ಡಿಯ ಹಾಗೆ ಕಾಂತಿಯಿಲ್ಲದೆ ಬಂದವು. ಆಮೇಲೆ ಅವುಗಳ ಮೇಲೆ ಗೆರೆ ಮೂಡತೊಡಗಿದವು, ಮೊದಲು ಹಳದಿ, ಆಮೇಲೆ ಕಂದು. ನಾನು ಬೂದಿ, ಉಪ್ಪು, ನಿಂಬೆಸಿಪ್ಪೆ ಎಲ್ಲ ಹಚ್ಚಿ ಉಜ್ಜಿದೆ. ಅವಳು ಬಾಯಿ ಉರಿಯುತ್ತದೆಂದು ಅಳುತ್ತಿದ್ದಳು, ನಾನು ಗದ್ದ ಹಿಡಿದು ಉಜ್ಜುತ್ತಲೇ ಇದ್ದೆ. ಅದು ಹಂಡೆಯ ಚಿಪ್ಪಲ್ಲ ಎಂದು ಒಪ್ಪಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಒಂದು ಸಲ ಅಪ್ಪ ಬಂದಾಗ ಅಮಾವಾಸ್ಯೆ, ಮಿಲ್ಲಿಗೆ ರಜೆ, ಅವ್ವನೂ ಮನೆಯಲ್ಲಿದ್ದಳು. ಅಪ್ಪ ನೀಲಿಯನ್ನು ಕಿಟಕಿಯ ಬೆಳಕಿಗೆ ಕರೆದು ಬಾಯಿ ತೆರೆಸಿದ. ಬಹಳ ಹೊತ್ತು ನೋಡಿದ. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

“ನನ್ನ ಹಲ್ಲು ಬಂದ್ವು ಅಕಿಗೆ,” ಎಂದಷ್ಟೇ ಅಂದಳು.

ಅಪ್ಪ ತಾಮ್ರದ ಚೊಂಬು ಹಿಡಿದು ತಾನೇ ಪಂಪ್‌ಹೌಸಿಗೆ ಹೋದ. ನೀರು ತಂದು ಹಿತ್ತಲಲ್ಲಿ ಕೂತು ಇಂಗಿಸಿ, ಚಾಕುವಿನಿಂದ ಕೆರೆದ. ಏನೂ ಬರಲಿಲ್ಲ. ಮತ್ತೆ ತಂದ, ಮತ್ತೆ ಇಂಗಿಸಿದ, ಮತ್ತೆ ಏನೂ ಬರಲಿಲ್ಲ. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಈಗ ತಿರುಗಿ ನನ್ನನ್ನು ಕೇಳುತ್ತಾನೆ, ಕೇಳಿದರೆ ಹೇಳಿಬಿಡುತ್ತೇನೆ ಎಂದುಕೊಂಡೆ. ನೀರು ಒಳ್ಳೆಯದು, ಹಲ್ಲು ಕೆಟ್ಟಿದೆ. ನಡುವೆ ಇದ್ದದ್ದು ನಾನೊಬ್ಬಳೇ. ಆದರೆ ಅವನಿಗೆ ನನ್ನ ಮೇಲೆ ಅನುಮಾನ ಬರಲೇ ಇಲ್ಲ. ಉಸ್ತಾದರು ಕಲಿಸಿದ ಪರೀಕ್ಷೆಯ ಮೇಲೆ ಬಂತು, ತನ್ನ ಬಾವಿಯ ಮೇಲೆ ಬಂತು.

“ಸುತ್ತಾ ಬೋರು ಕೊರದಾರ. ಆ ನೀರಿನ ಸೆಲಿ ಬಂದು ನಮ್ಮ ಬಾವ್ಯಾಗ ಕೂಡೈತಿ. ಚಿಪ್ಪಿನ್ಯಾಗ ಕಾಣದಂಥದ್ದು ಏನೋ ಐತಿ,” ಎಂದ.

ಅದಾದ ಒಂದೆರಡು ವರ್ಷಕ್ಕೆ ಹೊಸ ಲೈನಿನ ಕೆಲಸ ಶುರುವಾಯಿತು. ಒಬ್ಬ ಎಂಜಿನಿಯರು ಹಳೆಯ ಕಟ್ಟಡಗಳನ್ನು ನೋಡುತ್ತ ಬಂದರು, ಜೊತೆಗೆ ಊರಿನ ಹಿರಿಯರೊಬ್ಬರಿದ್ದರು. ಅಷ್ಟರಲ್ಲಿ ಅಪ್ಪ ನಿವೃತ್ತನಾಗಿ ನಾವು ಊರೊಳಗೆ ಮನೆ ಮಾಡಿದ್ದೆವು. ಬೋರಿಂಗಿಗೂ ಯಾರೋ ಬಂದು ಕೆಂಪು ಬಣ್ಣ ಬಳಿದು, ನೀರಿನಲ್ಲಿ ಫ್ಲೋರೈಡ್ ಇದೆ, ಕುಡಿಯಬೇಡಿ ಎಂದು ಹೇಳಿಹೋಗಿದ್ದರು. ಹಲ್ಲಿನ ಗೆರೆ, ಊರಿನ ಮುದುಕರ ಬಗ್ಗಿದ ಬೆನ್ನು ಅದರಿಂದಲೇ ಎಂದು ಆಗ ತಿಳಿಯಿತು. ಎಂಜಿನಿಯರು ನಮ್ಮ ಕಟ್ಟೆಯ ಮೇಲೆ ಕೂತು ಅಪ್ಪನನ್ನು ಕೇಳಿದರು. ನಾನು ಚಹಾದ ತಟ್ಟೆ ಹಿಡಿದು ಅಲ್ಲೇ ಇದ್ದೆ.

“ಪಂಪ್‌ಹೌಸ್ ಬಾವಿ ಉಳಿಸಬೇಕೋ ಮುಚ್ಚಬೇಕೋ ಅಂತ ಬರೀಬೇಕು. ಉಳಿಸಿದ್ರೆ ಊರಿಗೆ ಪೈಪ್ ಎಳ್ಕೋತೀವಿ ಅಂತಾರೆ ಇವರು. ನೀವು ಇಷ್ಟು ವರ್ಷ ಅಲ್ಲಿ ಇದ್ದೋರು. ನೀರು ಹೇಗೆ?”

ಊರಿನ ಹಿರಿಯರು ತಾವೇ ಉತ್ತರ ಕೊಟ್ಟರು.

“ಅದರಾಗ ಕೇಳೋದೇನೈತ್ರಿ? ಬ್ಯಾಳಿ ಬೆಣ್ಣಿಯಂಗ ಬೇಯ್ತಾವ್ರಿ.”

ಅಪ್ಪ ನೆಲ ನೋಡುತ್ತ ಕೂತಿದ್ದ. ಆಮೇಲೆ ನೀಲಿಯನ್ನು ಕರೆದ. ಶಾಲೆಯ ಚೀಲ ಹೆಗಲಲ್ಲಿ ಹಾಕಿಕೊಂಡೇ ಅವಳು ಬಂದಳು.

“ಹಲ್ಲು ತೋರ್ಸವ್ವಾ ಸಾಹೇಬ್ರಿಗೆ. ಈ ಕೂಸು ಅದ ನೀರು ಕುಡದು ಬೆಳದೈತ್ರಿ. ಬ್ಯಾಡ್ರಿ, ಯಾರಿಗೂ ಕುಡಸಬ್ಯಾಡ್ರಿ. ಮುಚ್ಚಿಬಿಡ್ರಿ.”

ನೀಲಿ ನನ್ನ ಕಡೆ ನೋಡಿದಳು. ನಾನು ತಟ್ಟೆಯಲ್ಲಿ ಚೆಲ್ಲಿದ ಚಹಾ ಒರೆಸಿದೆ. ಒಂದು ಮಾತು ಸಾಕಿತ್ತು. ಆಗ ನಾನು ಮಗುವಲ್ಲ, ಮದುವೆಗೆ ಬಂದವಳು; ಇಡೀ ಊರಿಗೆ ಬೇಕಾದ ನೀರು ಅದು ಎಂದು ಗೊತ್ತಿದ್ದವಳು. ಬೋರಿಂಗಿಗೆ ಹೋದದ್ದನ್ನು ಹನ್ನೆರಡು ವರ್ಷದ ಒಂಟಿ ಹುಡುಗಿಯ ತಪ್ಪೆಂದು ಯಾರಾದರೂ ಬಿಟ್ಟಾರು. ಅವತ್ತು ಸುಮ್ಮನಿದ್ದದ್ದು ಯಾವ ವಯಸ್ಸಿನ ತಪ್ಪೂ ಅಲ್ಲ. ಅಪ್ಪನ ಕಣ್ಣಿನಲ್ಲಿ ನಾನು ಸಣ್ಣವಳಾಗಬಾರದು ಎಂಬುದಕ್ಕಾಗಿ ಅವನ ಬಾವಿಯನ್ನು ಕೊಟ್ಟುಬಿಟ್ಟೆ.

ಟಿಪ್ಪರಿನಲ್ಲಿ ಗರಸು ಮಣ್ಣು ತಂದು ಬಾವಿಗೆ ಸುರಿದರು. ಅಪ್ಪ ನೋಡಲು ಹೋದ, ನನ್ನನ್ನೂ ಕರೆದ. ಮೊದಲ ಟಿಪ್ಪರು ಸುರಿದಾಗ ನೀರಿನ ಸದ್ದು ಬಂತು, ಎರಡನೆಯದಕ್ಕೂ ಬಂತು, ಮೂರನೆಯದಕ್ಕೆ ಬರೀ ಮಣ್ಣಿನ ಸದ್ದು. ಪಾರಿವಾಳಗಳು ಕಮಾನಿನ ಮೇಲೆ ಕೂತಿದ್ದವು. ಕೀಲಿ ವಾಪಸು ಕೊಡಲೆಂದು ಕೈಯಲ್ಲಿ ಹಿಡಿದಿದ್ದೆ. ಅಪ್ಪ ನನ್ನ ಬೆರಳುಗಳನ್ನು ಅದರ ಮೇಲೆ ಮಡಿಸಿದ.

“ಇಟಗೋ. ಇನ್ನ ಯಾರಿಗೆ ಬೇಕು ಇದು. ಐದು ವರ್ಷ ಅರ್ಧ ಮೈಲಿಂದ ಹೊತ್ತಿ, ಸಣ್ಣ ಹುಡಿಗಿ. ನಾನ ನಿನ್ನ ಕೈಲೆ ಕೆಟ್ಟ ನೀರು ಹೊರಿಸಿದೆ. ಬ್ಯಾಸರ ಮಾಡ್ಕೋಬ್ಯಾಡ ಮಗಳ.”

ಅವನು ಸಾಯುವವರೆಗೂ ಆಮೇಲೆ ಯಾರ ಮನೆಯ ನೀರಿಗೂ ಒಳ್ಳೆಯದು ಕೆಟ್ಟದ್ದು ಎನ್ನಲಿಲ್ಲ. ಕೊಟ್ಟದ್ದನ್ನು ಕುಡಿದು ಲೋಟ ಕೆಳಗಿಡುತ್ತಿದ್ದ. ತಾಮ್ರದ ಚೊಂಬು ದೇವರ ಮಾಡಿನಲ್ಲಿ ಹೂವಿಗೆ ಬಂತು.

ಈಗ ನಾನಿರುವ ಊರಿನಲ್ಲಿ ಶುದ್ಧ ನೀರಿನ ಘಟಕವಿದೆ, ಕ್ಯಾನು ಹಿಡಿದು ತರುತ್ತೇನೆ. ನೀಲಿಯನ್ನು ಹಡಗಲಿಗೆ ಕೊಟ್ಟಿದ್ದೇವೆ. ಅವಳು ಯಾರ ಜೊತೆ ನಕ್ಕರೂ ಸೆರಗನ್ನು ಬಾಯಿಗೆ ಹಿಡಿಯುತ್ತಾಳೆ. ಎರಡು ಮಕ್ಕಳ ತಾಯಿಯಾದರೂ ಅದು ಹೋಗಿಲ್ಲ. ಅಪ್ಪನ ವರ್ಷದ ಕಾರ್ಯ ಮುಗಿದ ಮೇಲೆ ನಾಲ್ಕು ದಿನ ನನ್ನ ಮನೆಯಲ್ಲಿ ಉಳಿದಳು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಬೇಳೆಯನ್ನು ಬೆರಳಲ್ಲಿ ಹಿಚುಕಿ ನೋಡಿದಳು.

“ಥೇಟ್ ಎಂಜಿನ್ ನೀರಿನ ಬ್ಯಾಳಿ ಆಗೈತಲ್ಲಕ್ಕಾ.”

ನಾನು ಸೌಟು ಕೆಳಗಿಟ್ಟೆ.

“ನೀಲೀ, ನಿನಗ ನಾನು ಎಂಜಿನ್ ನೀರು ಕುಡಸಲಿಲ್ಲ ಬೇ. ಬೋರಿಂಗ್ ನೀರು ಕುಡಸೀನಿ. ಐದು ವರ್ಷ.”

“ಗೊತ್ತೈತಿ.”

“ಏನು ಗೊತ್ತೈತಿ? ನೀನು ಕೂಸಿದ್ದಿ.”

“ನಿನ್ನ ಟೊಂಕದ ಮ್ಯಾಲೆ ಕುಂತು ಹೋದಾಕಿ ನಾನ ಅಲ್ಲೇನು? ಹಾಲಮ್ಮಕ್ಕ ನನ್ನ ಆ ಹಿಡಿಕಿಗೆ ಜೋತಾಡಸ್ತಿದ್ಲು.”

“ಮತ್ತ ಅಪ್ಪಗ ಯಾಕ ಹೇಳಲಿಲ್ಲ? ಪೆಪ್ಪರಮೆಂಟಿಗೇನು?”

ಅವಳು ಒಂದು ತುಂಡು ರೊಟ್ಟಿ ಮುರಿದಳು.

“ನೀ ಬಾವಿಗೆ ಹೋಗಿ ಬಂದ ದಿನ ನಿನ್ನ ಕಣ್ಣು ಕೆಂಪಗಿರ್ತಿದ್ವು. ಬೋರಿಂಗಿಗೆ ಹೋದ ದಿನ ಮನಿಗೆ ಬಂದ ಮ್ಯಾಲೂ ನಗತಿದ್ದಿ. ಸಣ್ಣಾಕಿದ್ದೆ. ನನಗ ಅಷ್ಟ ತಿಳಿತಿತ್ತು.”

ನನಗೆ ಅಳು ಬಂತು. ಅವಳ ಕೈ ಹಿಡಿದು ಕ್ಷಮಿಸು ಎಂದೆ. ಅವಳು ಎಂಜಲು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

“ಹಲ್ಲು ನನ್ನವು ಅಕ್ಕಾ. ಅವನ್ನ ನಾ ಯಾವಾಗೋ ಬಿಟ್ಟೀನಿ. ಬಾವಿ ಅಪ್ಪಂದು. ಅದನ್ನ ನಾ ಹೆಂಗ ಬಿಡ್ಲಿ?”

ಹಾಗೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ನಗುವಾಗ ಹಿಡಿಯುವ ಹಾಗೆಯೇ. ಅವಳು ನಗುತ್ತಿರಲಿಲ್ಲ.